ಗ್ರಾಮ್ಯವೆಂಬ ಆರೋಪ

ಕಲಬುರಗಿಯ ವಿದ್ಯಾವಂತ ಮನೆತನಗಳಲ್ಲಿ ಶ್ರೀಮತಿ ಗೀತಾ ನಾಗಭೂಷಣರ ಪ್ರಸ್ತಾಪ ಬಂದಾಗಲೆಲ್ಲ ಒಂದು ವಾಕ್ಯವು ತಪ್ಪದೆ ಕೇಳಬರುವುದು: “ವಸ್ತುವೇನೋ ಸರಿ, ಭಾಷೆ ಮಾತ್ರ ಬಹಳ ಗ್ರಾಮ್ಯ.” ಹೀಗೆ ಹೇಳುವವರು ದುರ್ಜನರಲ್ಲ. ಮನೆಯಲ್ಲಿ ಗದುಗಿನ ಭಾರತವನ್ನೂ ಜೈಮಿನಿಯನ್ನೂ ಇಟ್ಟುಕೊಂಡವರು. ಮಕ್ಕಳಿಗೆ ಅಮರವನ್ನು ಬಾಯಿಪಾಠ ಮಾಡಿಸಿದವರು. ಸಭೆಯಲ್ಲಿ ಆ ಲೇಖಿಕೆಗೆ ಶಾಲು ಹೊದಿಸುವಾಗ ಎಲ್ಲರೊಡನೆ ಕೈತಟ್ಟಿದವರು. ಆದುದರಿಂದಲೇ ಅವರ ಮಾತನ್ನು ಲಘುವಾಗಿ ಎಣಿಸತಕ್ಕದ್ದಲ್ಲ. ಓದದವನು ಆಡಿದ ನಿಂದೆಯು ಗಾಳಿಗೆ ಹೋಗುವುದು, ಓದಿದವನು ಆಡಿದ ನಿಂದೆಯು ಪಾಠವಾಗಿ ಶಾಲೆಯೊಳಕ್ಕೆ ಬರುವುದು.

ಗ್ರಾಮ್ಯವೆಂಬ ಶಬ್ದವು ಬೈಗುಳವಲ್ಲ. ಅದು ಅಲಂಕಾರಶಾಸ್ತ್ರದ ಪಾರಿಭಾಷಿಕ ಪದ. ಶಾಸ್ತ್ರದ ಆಯುಧವನ್ನು ಎತ್ತಿದವರು ಶಾಸ್ತ್ರದ ಮುಂದೆಯೇ ಅದಕ್ಕೆ ಲೆಕ್ಕ ಒಪ್ಪಿಸಬೇಕು. ಆ ಲೆಕ್ಕವನ್ನು ಕೇಳುವ ಮೊದಲು ಆಪಾದಿತಳು ಯಾರೆಂಬುದನ್ನು ನೆನಪಿಗೆ ತಂದುಕೊಳ್ಳುವುದು ನ್ಯಾಯ.

ಗೀತಾ ನಾಗಭೂಷಣರು 1942ರ ಮಾರ್ಚ್ 25ರಂದು ಕಲಬುರಗಿ ಜಿಲ್ಲೆಯ ಸಾವಳಗಿಯಲ್ಲಿ ಹುಟ್ಟಿದರು. ಆಗ ಈ ಸೀಮೆಯು ನಿಜಾಮರ ಆಳ್ವಿಕೆಯಲ್ಲಿತ್ತು. ರಾಜ್ಯದ ವಿಶ್ವವಿದ್ಯಾಲಯವು ಉರ್ದುವಿನಲ್ಲಿ ಪಾಠ ಹೇಳುತ್ತಿತ್ತು. ಕನ್ನಡವು ಮನೆಯ ಮಾತಾಗಿ, ಮಠದ ಮಾತಾಗಿ, ಸಂತೆಯ ಮಾತಾಗಿ ಉಳಿದುಕೊಂಡಿತ್ತು. 1948ರ ಸೆಪ್ಟೆಂಬರಿನಲ್ಲಿ ಆ ಆಳ್ವಿಕೆ ಮುಗಿದಾಗ ಈಕೆ ಆರು ವರ್ಷದ ಬಾಲೆ. ತಂದೆ ಕಲಬುರಗಿಯ ಎಂ.ಎಸ್.ಕೆ. ಮಿಲ್ಲಿನ ಕಾರ್ಮಿಕ. ಆ ಗಿರಣಿಯು ಈಗ ಮುಚ್ಚಿಹೋಗಿದೆ, ಅದರ ಹೆಸರು ಮಾತ್ರ ಊರಿನ ಒಂದು ಭಾಗಕ್ಕೆ ಅಂಟಿಕೊಂಡಿದೆ. ಗಿರಣಿಯ ಭೋಂಗಾ ಕೂಗಿದಾಗ ಏಳುವ, ಭೋಂಗಾ ಕೂಗಿದಾಗ ಉಣ್ಣುವ ಮನೆಗಳಲ್ಲಿ ಹೆಣ್ಣುಮಗುವನ್ನು ಶಾಲೆಗೆ ಕಳಿಸುವುದು ಆ ಕಾಲಕ್ಕೆ ವಾಡಿಕೆಯಾಗಿರಲಿಲ್ಲ. ಅಕ್ಷರ ಬಾರದ ಆ ತಂದೆ ಕಳಿಸಿದರು. ಇದು ಸಣ್ಣ ಸಂಗತಿಯೆಂದು ತೋರುವವರಿಗೆ ತೋರಲಿ. ಮಗಳನ್ನು ಕೂಲಿಗೆ ಕಳಿಸಿದರೆ ಅಂದೇ ಸಂಜೆಗೆ ನಾಲ್ಕು ಕಾಸು ಬರುವುದೆಂದು ಬಲ್ಲ ಬಡವನು ಅವಳನ್ನು ಶಾಲೆಗೆ ಕಳಿಸುವುದರಲ್ಲಿ ಇರುವ ತ್ಯಾಗವು ಉಳ್ಳವರು ಕಟ್ಟಿಸುವ ಛತ್ರಗಳಲ್ಲಿಲ್ಲ.

ಶಾಲೆಯ ಓದು ಮುಗಿದೊಡನೆ ಆಕೆಗೆ ದೊರೆತದ್ದು ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ಗುಮಾಸ್ತೆಯ ಕೆಲಸ. ಹಗಲು ಕಚೇರಿಯ ಕಾಗದ, ರಾತ್ರಿ ಪರೀಕ್ಷೆಯ ಪುಸ್ತಕ. ಹೀಗೆ ಸ್ವಂತ ಶ್ರಮದಿಂದ ಪದವಿಯನ್ನೂ, ಅಧ್ಯಾಪನದ ತರಬೇತಿಯನ್ನೂ, ಎಂ.ಎ. ಪದವಿಯನ್ನೂ ಪಡೆದು, ಕಚೇರಿಯನ್ನು ಬಿಟ್ಟು, ಕಲಬುರಗಿಯಲ್ಲಿಯೇ ಅಧ್ಯಾಪಿಕೆಯಾಗಿ ದಶಕಗಳ ಕಾಲ ಪಾಠ ಹೇಳಿದರು. 1968ರಲ್ಲಿ ಮೊದಲ ಕಾದಂಬರಿ ‘ತಾವರೆಯ ಹೂವು’ ಬಂತು. ಅನಂತರ ಇಪ್ಪತ್ತಕ್ಕೂ ಮಿಕ್ಕು ಕಾದಂಬರಿಗಳು, ಸಣ್ಣಕಥೆಗಳು, ನಾಟಕಗಳು. ‘ಹಸಿಮಾಂಸ ಮತ್ತು ಹದ್ದುಗಳು’ ಎಂಬುದು ‘ಹೆಣ್ಣಿನ ಕೂಗು’ ಎಂಬ ಹೆಸರಿನಿಂದ ಚಲನಚಿತ್ರವಾಯಿತು. ‘ಬದುಕು’ ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. 2010ರಲ್ಲಿ ಗದಗಿನಲ್ಲಿ ಕೂಡಿದ ಎಪ್ಪತ್ತಾರನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. 2020ರ ಜೂನ್ 28ರಂದು ಕಲಬುರಗಿಯಲ್ಲಿಯೇ ಕಾಲವಾದರು.

ಇಷ್ಟು ಚರಿತ್ರೆ. ಇನ್ನು ಆರೋಪ.

ಗ್ರಾಮ್ಯವೆಂದರೇನು? ವಾಮನನು ತನ್ನ ಸೂತ್ರಗಳಲ್ಲಿ ಪದದೋಷಗಳನ್ನು ಎಣಿಸುವಾಗ ಕೇವಲ ಲೋಕದಲ್ಲಿ ಮಾತ್ರ ಬಳಸಲ್ಪಡುವ, ಶಾಸ್ತ್ರದಲ್ಲಿ ಕಾಣದ ಪದವನ್ನು ಗ್ರಾಮ್ಯವೆಂದನು. ಆಕ್ಷೇಪಕರು ಇಲ್ಲಿಗೇ ನಿಂತುಬಿಡುವರು. ಆದರೆ ಗ್ರಂಥವು ಇಲ್ಲಿಗೆ ನಿಲ್ಲುವುದಿಲ್ಲವಷ್ಟೆ. ದಂಡಿಯು ಕಾವ್ಯಾದರ್ಶದಲ್ಲಿ ಗ್ರಾಮ್ಯತೆಗೆ ಕೊಟ್ಟ ಉದಾಹರಣೆಯನ್ನು ತೆರೆದು ನೋಡಿರಿ. ಅಲ್ಲಿ ಒಬ್ಬ ತರುಣನು ಒಬ್ಬ ಕನ್ಯೆಯ ಮುಂದೆ ತನ್ನ ಬಯಕೆಯನ್ನು ಮುಚ್ಚುಮರೆಯಿಲ್ಲದೆ ಒದರಿ, ಅವಳಿಗೆ ಅಂಥ ಬಯಕೆ ಏಕಿಲ್ಲವೆಂದು ಕೇಳುತ್ತಾನೆ. ಆ ವಾಕ್ಯದಲ್ಲಿರುವ ಒಂದೊಂದು ಪದವೂ ಪಾಣಿನಿಗೆ ಒಪ್ಪಿತವಾದ ಶುದ್ಧ ಸಂಸ್ಕೃತ! ವಿಭಕ್ತಿ ತಪ್ಪಿಲ್ಲ, ಧಾತು ತಪ್ಪಿಲ್ಲ. ಆದರೂ ಅದು ಗ್ರಾಮ್ಯ. ಅದೇ ಅಭಿಪ್ರಾಯವನ್ನು ಮನ್ಮಥನ ಮೇಲೆ ಭಾರ ಹಾಕಿ ಹೇಳಿದಾಗ ಅದು ಅಗ್ರಾಮ್ಯವಾಗಿ ರಸವನ್ನು ತರುವುದೆಂದು ಆಚಾರ್ಯನು ಕೂಡಲೇ ತೋರಿಸುತ್ತಾನೆ. ಎಂದ ಮೇಲೆ ಗ್ರಾಮ್ಯತೆಯ ಮನೆ ಯಾವುದು? ನಾಲಗೆಯೋ ಮನಸ್ಸೋ? ಶುದ್ಧವಾದ ಪದಗಳಲ್ಲಿ ಹೆಣ್ಣನ್ನು ಹಗುರಾಗಿ ಕಂಡವನು ದಂಡಿಯ ಲೆಕ್ಕದಲ್ಲಿ ಗ್ರಾಮ್ಯನು. ಹೊಲದ ಮಾತಿನಲ್ಲಿ ಹೆಣ್ಣಿನ ಮಾನವನ್ನು ಎತ್ತಿ ಹಿಡಿದವಳು ಅದೇ ಲೆಕ್ಕದಲ್ಲಿ ಏನಾದಾಳು? ಈ ಪ್ರಶ್ನೆಗೆ ಉತ್ತರ ಕೊಡುವ ಹೊಣೆ ಆಕ್ಷೇಪಕರದು.

ಮಮ್ಮಟನು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಹೋಗುತ್ತಾನೆ. ಕಾವ್ಯಪ್ರಕಾಶದ ಏಳನೆಯ ಉಲ್ಲಾಸದಲ್ಲಿ ಒಬ್ಬ ವಿದೂಷಕನು ಹೂವುಗಳನ್ನು ಅನ್ನದ ಅಗುಳಿಗೂ ಎಮ್ಮೆಯ ಮೊಸರಿಗೂ ಹೋಲಿಸಿದ ಪದ್ಯವನ್ನು ಎತ್ತಿಕೊಂಡು, ಅನ್ನ, ಎಮ್ಮೆ, ಮೊಸರು ಎಂಬಿವು ಗ್ರಾಮ್ಯಪದಗಳಾದರೂ ವಿದೂಷಕನ ಬಾಯಲ್ಲಿ ಗುಣವೇ ಆಗುವುವೆಂದು ತೀರ್ಪು ಕೊಟ್ಟಿದ್ದಾನೆ. ವಕ್ತೃವಿನ ಔಚಿತ್ಯದಿಂದ ದೋಷವು ಗುಣವಾಗುವುದು. ಔಚಿತ್ಯವೊಂದನ್ನೇ ಹಿಡಿದು ಕ್ಷೇಮೇಂದ್ರನು ಒಂದು ಗ್ರಂಥವನ್ನೇ ಬರೆದನು. ಇವೆಲ್ಲವನ್ನೂ ಓದಿದವರು ‘ಬದುಕು’ ಕಾದಂಬರಿಯ ಕೂಲಿ ಹೆಂಗಸು ಮೈಸೂರಿನ ಅರಮನೆಯ ಪಂಡಿತರ ಕನ್ನಡದಲ್ಲಿ ಅಳಬೇಕಾಗಿತ್ತೆಂದು ಅಪೇಕ್ಷಿಸುವುದು ವಿಚಿತ್ರ.

ನಾಟಕಗಳನ್ನು ನೋಡಿರಿ. ಶಾಕುಂತಲದ ಆರನೆಯ ಅಂಕದ ಆದಿಯಲ್ಲಿ ಬರುವ ಬೆಸ್ತನು ಮಾತಾಡುವುದು ಮಾಗಧಿಯನ್ನು. ಅವನನ್ನು ಹಿಡಿದು ತಂದ ಕಾವಲುಗಾರರದೂ ಅಂಥದೇ ಮಾತು. ಉಂಗುರವು ದುಷ್ಯಂತನ ಕೈಗೆ ಮರಳಿ ಬಂದದ್ದು ಆ ಬೆಸ್ತನಿಂದ. ಅವನ ಭಾಷೆಯನ್ನು ತಿದ್ದಬೇಕೆಂದು ಕಾಳಿದಾಸನಿಗೆ ತೋರಲಿಲ್ಲ. ಮೃಚ್ಛಕಟಿಕದಲ್ಲಂತೂ ಪ್ರಾಕೃತಗಳ ಸಂತೆಯೇ ನೆರೆದಿದೆ. ನಮ್ಮ ಪೂರ್ವಿಕರ ಶ್ರವಣವು ನಮ್ಮದಕ್ಕಿಂತ ವಿಶಾಲವಾಗಿತ್ತೆಂದು ಒಪ್ಪಿಕೊಳ್ಳುವುದಕ್ಕೆ ಅಭಿಮಾನವು ಅಡ್ಡ ಬರಬಾರದು. ಒಂದು ಭೇದ ಮಾತ್ರ ಉಂಟು, ಅದನ್ನು ಮುಚ್ಚಿಡುವುದು ಅಪ್ರಾಮಾಣಿಕತೆ: ಆ ನಾಟಕಗಳಲ್ಲಿ ಬೆಸ್ತನು ಎರಡು ಗಳಿಗೆ ಬಂದು ಹೋಗುವನು, ಸಿಂಹಾಸನವು ಸಂಸ್ಕೃತಕ್ಕೇ ಮೀಸಲು. ಗೀತಾ ನಾಗಭೂಷಣರಲ್ಲಿ ಬೆಸ್ತನ ಮನೆಯೇ ಕಥೆಯ ನಡುಮನೆ. ಆಕ್ಷೇಪಕರಿಗೆ ಸಹಿಸಲಾಗದಿರುವುದು ಬಹುಶಃ ಭಾಷೆಯಲ್ಲ, ಈ ಸ್ಥಾನಪಲ್ಲಟವೇ ಇರಬೇಕು.

ಪತಂಜಲಿಯ ಮಹಾಭಾಷ್ಯದಲ್ಲಿ ಒಂದು ವೈಯಾಕರಣ-ಸಾರಥಿ ಸಂವಾದವಿದೆ. ರಥವನ್ನು ನಡೆಸುವವನಾರೆಂದು ವೈಯಾಕರಣನು ತನ್ನ ಸೂತ್ರಕ್ಕೆ ಸರಿಯಾದ ಒಂದು ರೂಪದಿಂದ ಕೇಳುತ್ತಾನೆ. ಸಾರಥಿಯು ಲೋಕದಲ್ಲಿ ನಡೆಯುವ ಮತ್ತೊಂದು ರೂಪದಿಂದ ಉತ್ತರ ಕೊಡುತ್ತಾನೆ. ಅದು ಅಪಶಬ್ದವೆಂದು ಪಂಡಿತನು ಗದರಿಸಲು, ಪಂಡಿತನಿಗೆ ಸೂತ್ರದ ಪ್ರಾಪ್ತಿ ಮಾತ್ರ ಗೊತ್ತು, ಲೋಕದ ಇಷ್ಟಿ ಗೊತ್ತಿಲ್ಲವೆಂದು ಸಾರಥಿಯು ಹೇಳಿ ಅವನ ಬಾಯಿ ಮುಚ್ಚಿಸುತ್ತಾನೆ. ಗಡಿಗೆ ಬೇಕಾದವನು ಕುಂಬಾರನ ಮನೆಗೆ ಹೋಗುವಂತೆ ಶಬ್ದ ಬೇಕಾದವನು ವೈಯಾಕರಣನ ಮನೆಗೆ ಹೋಗುವುದಿಲ್ಲವೆಂದು ಹೇಳಿದವನೂ ಆ ಭಾಷ್ಯಕಾರನೇ. ವ್ಯಾಕರಣಶಾಸ್ತ್ರದ ಮೂರನೆಯ ಮುನಿಗೆ ಇಲ್ಲದ ಬಿಗಿ ನಮ್ಮೂರಿನ ಪದವೀಧರರಿಗೆ ಎಲ್ಲಿಂದ ಬಂತೋ!

ಇನ್ನು ದೂರದ ಕಾಶ್ಮೀರದ ಆಲಂಕಾರಿಕರನ್ನು ಬಿಟ್ಟು ಮನೆಯ ಹತ್ತಿರಕ್ಕೆ ಬರೋಣ. ಸೇಡಂ ತಾಲ್ಲೂಕಿನ ಮಳಖೇಡವು, ಎಂದರೆ ರಾಷ್ಟ್ರಕೂಟರ ಮಾನ್ಯಖೇಟವು, ಕಲಬುರಗಿಗೆ ಎಷ್ಟು ದೂರ? ಬೆಳಿಗ್ಗೆ ಹೊರಟವನು ಕಾಗಿಣಾ ನದಿಯ ದಂಡೆಯ ಕೋಟೆಯನ್ನು ನೋಡಿಕೊಂಡು ಮಧ್ಯಾಹ್ನದ ಊಟಕ್ಕೆ ಮನೆಗೆ ಬರಬಹುದು. ಒಂಬತ್ತನೆಯ ಶತಮಾನದಲ್ಲಿ ಅಲ್ಲಿ ಆಳಿದ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯನಿಂದ ರಚಿತವಾದ ಕವಿರಾಜಮಾರ್ಗವು ಕನ್ನಡದಲ್ಲಿ ನಮಗೆ ದೊರೆತ ಮೊದಲನೆಯ ಗ್ರಂಥ. ಕಾವ್ಯದ ದೋಷಗಳನ್ನು ಆ ಗ್ರಂಥವು ಸಡಿಲ ಬಿಟ್ಟಿಲ್ಲ; ಬಹಳ ಕಟ್ಟುನಿಟ್ಟಾಗಿಯೇ ಎಣಿಸಿದೆ. ಆದರೆ ದೇಸಿಯು ಬೇರೆ ಬೇರೆಯಾಗಿರುವುದರಿಂದ ಕನ್ನಡಗಳಲ್ಲಿನ ದೋಷ ಇಷ್ಟೇ ಎಂದು ಎಣಿಸಹೊರಟರೆ ಸಾವಿರ ನಾಲಗೆಯ ವಾಸುಕಿಯೂ ಬೇಸರಪಟ್ಟಾನೆಂಬ ಅರ್ಥದ ಮಾತನ್ನು ಅಲ್ಲಿಯೇ ಹೇಳಿದೆ. ಕನ್ನಡವಲ್ಲ, ಕನ್ನಡಂಗಳು! ಬಹುವಚನವನ್ನು ವಾಚಕರು ಗಮನಿಸಬೇಕು. ಈ ನಾಡಿನ ಜನರು ಓದದೆಯೂ ಕಾವ್ಯಪ್ರಯೋಗದಲ್ಲಿ ನಿಪುಣರೆಂದು ಹೊಗಳಿದ್ದೂ ಆ ಗ್ರಂಥವೇ. ಸಭೆಗಳಲ್ಲಿ ಈ ಹೊಗಳಿಕೆಯನ್ನು ಎದೆಯುಬ್ಬಿಸಿ ಹೇಳಿ, ಸಭೆ ಮುಗಿದ ಮೇಲೆ ಆ ಓದದ ಜನರ ಮಾತು ಪುಸ್ತಕದಲ್ಲಿ ಬಂತೆಂದು ಮೂಗು ಮುರಿಯುವುದು ಯಾವ ನ್ಯಾಯ?

ಮೂಗು ಮುರಿಯುವ ಮಾತುಗಳಾದರೂ ಯಾವುವು? ‘ನಿಂದಿರು’ ಎನ್ನುತ್ತಾರೆ ನಮ್ಮ ಹಳ್ಳಿಗರು. ‘ನಿಂತುಕೋ’ ಎನ್ನುತ್ತದೆ ಪಠ್ಯಪುಸ್ತಕ. ಹಳಗನ್ನಡದಲ್ಲಿ ‘ನಿಲ್’ ಧಾತುವಿನ ಭೂತರೂಪವು ‘ನಿಂದಂ’ ಎಂದಿರುವುದು. ಹಾಗಾದರೆ ಪಂಪನಿಗೆ ಹತ್ತಿರದವರು ಯಾರು, ಕಮಲಾಪುರದ ಸಂತೆಯಲ್ಲಿ ಮೊಮ್ಮಗನನ್ನು ಗದರಿಸುವ ಮುದುಕಿಯೋ, ಅವಳನ್ನು ಕಂಡು ನಗುವ ಪದವೀಧರನೋ? ‘ಜಲ್ದಿ’, ‘ಖರೇ’, ‘ದವಾಖಾನಿ’ ಎಂಬ ಪರಭಾಷೆಯ ಮಾತುಗಳು ಸೇರಿವೆಯೆಂದು ಇನ್ನೊಂದು ದೂರು. ಸೇರಿರುವುದು ನಿಜ. ಬಹಮನಿಗಳು ಆಳಿದ ಊರು, ಬಂದೇನವಾಜರ ದರ್ಗಾ ಇರುವ ಊರು, ಆಮೇಲೆ ನಿಜಾಮರು ಆಳಿದ ಊರು. ಸೇರದೆ ಹೇಗೆ ಇದ್ದೀತು? ಆದರೆ ದೂರು ಕೊಡುವ ಮಹನೀಯರು ದಿನವೂ ಅರ್ಜಿ ಬರೆಯುತ್ತಾರೆ, ವಕೀಲರನ್ನು ಕಾಣುತ್ತಾರೆ, ಕಚೇರಿಗೆ ಹೋಗುತ್ತಾರೆ, ತಾಲ್ಲೂಕಿನ ಲೆಕ್ಕ ಹೇಳುತ್ತಾರೆ. ಇವು ಯಾವ ಪಂಪನ ಪದಗಳು? ‘ಜಿಲ್ಲೆ’ ಎಂಬುದೇ ಅರಬ್ಬಿಯ ಮೂಲದ್ದು; ಅದನ್ನು ಹೆಸರಿನಲ್ಲಿ ಧರಿಸಿದ ಸಂಘಗಳು ಶುದ್ಧಿಯ ಮಾತನ್ನು ಮೆಲ್ಲಗೆ ಆಡುವುದು ಕ್ಷೇಮ. ಗದ್ದುಗೆಯ ಹತ್ತಿರದ ಊರಿನಲ್ಲಿ ಬಂದು ಸೇರಿದ ಪರಪದವು ಶಿಷ್ಟ, ಗದ್ದುಗೆಗೆ ದೂರವಾದ ಊರಿನಲ್ಲಿ ಬಂದು ಸೇರಿದ ಪರಪದವು ಗ್ರಾಮ್ಯ. ಇದರ ಹಿಂದೆ ಇರುವುದು ರಾಜಧಾನಿಯ ದಾರಿ. ವ್ಯಾಕರಣದ ಗಂಧವೂ ಇಲ್ಲ.

ಕಮಲಾಪುರದ ಮಾತು ಬಂದುದರಿಂದ ಅಲ್ಲಿಯ ಬಾಳೆಯ ಮಾತನ್ನೂ ಹೇಳಬಹುದು. ಕಲಬುರಗಿಯಿಂದ ಹುಮನಾಬಾದಿನ ಕಡೆಗೆ ಹೋಗುವ ಹಾದಿಯಲ್ಲಿರುವ ಈ ಊರು ಕೆಲವು ವರ್ಷಗಳ ಹಿಂದೆ ತಾಲ್ಲೂಕಿನ ಸ್ಥಾನ ಪಡೆಯಿತು. ಆದರೆ ಅದಕ್ಕಿಂತ ಬಹುಕಾಲದ ಹಿಂದೆಯೇ ಅದರ ಕೆಂಪು ಬಾಳೆಯು ಹೆಸರು ಪಡೆದಿತ್ತು. ಆ ಬಾಳೆಗೆ ಸರಕಾರದಿಂದ ಭೌಗೋಳಿಕ ಸೂಚಕದ ಮನ್ನಣೆ ದೊರೆತಿದೆ. ಎಂದರೆ, ಆ ಹೆಸರಿನಿಂದ ಬೇರೆಡೆಯ ಹಣ್ಣನ್ನು ಮಾರಿದರೆ ಕಾನೂನು ಕೇಳುತ್ತದೆ. ಇತರ ಬಾಳೆಗಿಂತ ಬೆಳೆಯಲು ಹೆಚ್ಚು ಕಾಲ ಬೇಕು, ಬೆಲೆಯೂ ಹೆಚ್ಚು. ಆದರೂ ಮನೆಗೆ ಬಂದ ನೆಂಟರ ಮುಂದೆ ತಟ್ಟೆಯಲ್ಲಿಟ್ಟು “ಇದು ನಮ್ಮ ಕಮಲಾಪುರದ್ದು” ಎಂದು ಹೇಳುವಾಗ ಯಜಮಾನರ ಮುಖದಲ್ಲಿ ಒಂದು ಕಳೆ ಬರುವುದು. ಸಿಪ್ಪೆಯು ಹಳದಿಯಾಗಿಲ್ಲವೆಂದು ಆ ಹಣ್ಣನ್ನು ಯಾರೂ ದೋಷಯುಕ್ತವೆಂದು ಕರೆದಿಲ್ಲ. ಅದೇ ನೆಲ, ಅದೇ ನೀರು, ಅದೇ ಬಿಸಿಲು. ಅಲ್ಲಿ ಬೆಳೆದ ಹಣ್ಣು ಜಾತಿವಂತ, ಅಲ್ಲಿ ಬೆಳೆದ ಮಾತು ದೋಷ! ಹಣ್ಣನ್ನು ತಂದು ಮಾರುವ ಹೆಂಗಸು ಆಡುವ ಕನ್ನಡವು ಪುಸ್ತಕಕ್ಕೆ ಬಂದೊಡನೆ ತಟ್ಟೆಯನ್ನು ದೂರ ಸರಿಸುವವರು ಆ ಹಣ್ಣನ್ನಾದರೂ ಯಾವ ಧೈರ್ಯದಿಂದ ತಿನ್ನುತ್ತಾರೋ.

ಎರಡನೆಯ ಆಕ್ಷೇಪವು ಭಾಷೆಯ ಮರೆಯಲ್ಲಿ ಅಡಗಿಕೊಂಡು ಬರುವುದು. ಮಗಳಂದಿರ ಕೈಗೆ ಕೊಡತಕ್ಕ ಪುಸ್ತಕಗಳಲ್ಲವೆಂದು ತಾಯಂದಿರು ಹೇಳುವುದುಂಟು. ‘ಹಸಿಮಾಂಸ ಮತ್ತು ಹದ್ದುಗಳು’ ಎಂಬ ಹೆಸರನ್ನು ಕೇಳಿಯೇ ಕಿವಿ ಮುಚ್ಚಿಕೊಳ್ಳುವವರುಂಟು. ದೇವರ ಹೆಸರಿನಲ್ಲಿ ಬಡವರ ಹೆಣ್ಣುಮಕ್ಕಳನ್ನು ಬಿಟ್ಟುಬಿಡುವ ಪದ್ಧತಿಯು ಈ ಸೀಮೆಯಲ್ಲಿ ಇತ್ತೋ ಇಲ್ಲವೋ? ಇಲ್ಲದಿದ್ದರೆ ಕರ್ನಾಟಕ ಸರಕಾರವು 1982ರಲ್ಲಿ ದೇವದಾಸಿಯರನ್ನಾಗಿ ಅರ್ಪಿಸುವುದನ್ನು ನಿಷೇಧಿಸುವ ಕಾಯಿದೆಯನ್ನು ಏತಕ್ಕಾಗಿ ಮಾಡಿತು? ಊರಿನಲ್ಲಿ ನಡೆಯುವಾಗ ಕಣ್ಣಿಗೆ ಬೀಳದ ಸಂಗತಿಯು ಪುಸ್ತಕದಲ್ಲಿ ಅಚ್ಚಾದಾಗ ಮಾತ್ರ ಅಶ್ಲೀಲವಾಗುವುದಾದರೆ ನಮ್ಮ ಲಜ್ಜೆಯ ವಿಷಯದಲ್ಲಿಯೇ ಸಂಶಯಪಡಬೇಕಾಗುವುದು. ಆ ಬಾಲೆಯರೂ ಯಾರದೋ ಮಗಳಂದಿರು. ಅವರಿಗೆ ಆದದ್ದನ್ನು ನಮ್ಮ ಮಗಳಂದಿರು ಓದಬಾರದೆಂಬ ಕಾಳಜಿಯು, ಅವರಿಗೆ ಹಾಗೆ ಆಗಬಾರದೆಂಬ ಕಾಳಜಿಯಾಗಿ ಎಂದಾದರೂ ಬೆಳೆದಿತ್ತೆ?

ಇಂಥ ಕಾಳಜಿ ನಮ್ಮಲ್ಲಿಯೇ ಹುಟ್ಟಿದ್ದಲ್ಲ. ಅಮೇರಿಕದ ಮಾರ್ಕ್ ಟ್ವೇನನು ಒಬ್ಬ ಹಳ್ಳಿಯ ಪೋಲಿ ಹುಡುಗನ ಬಾಯಲ್ಲಿ, ಅವನದೇ ಮಾತಿನಲ್ಲಿ, ‘ಹಕಲ್‌ಬರಿ ಫಿನ್’ ಕಾದಂಬರಿಯನ್ನು ಹೇಳಿಸಿದಾಗ, 1885ರಲ್ಲಿ ಕಾಂಕರ್ಡ್ ಎಂಬ ವಿದ್ಯಾವಂತರ ಊರಿನ ಸಾರ್ವಜನಿಕ ಪುಸ್ತಕಾಲಯವು ಅದನ್ನು ಒರಟು ಪುಸ್ತಕವೆಂದು ಹೊರಗಿಟ್ಟಿತು. ಎಮರ್ಸನ್ನನೂ ಥೋರೋನೂ ಬಾಳಿದ ಊರು ಅದು! ಇಂದು ಅಮೇರಿಕದ ಸಾಹಿತ್ಯವನ್ನು ಓದುವವರು ಆ ಪುಸ್ತಕವನ್ನು ಬಿಟ್ಟು ಓದುವ ಹಾಗಿಲ್ಲ. ಈಚೆಗೆ, 2025ರಲ್ಲಿ, ಹಾಸನದ ಬಾನು ಮುಷ್ತಾಕರ ಕಥೆಗಳು ದೀಪಾ ಭಾಸ್ತಿಯವರ ಭಾಷಾಂತರದಿಂದ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿಯನ್ನು ಪಡೆದವು. ಮನೆಯ ಒಳಗಿನ ಹೆಂಗಸರ ಮಾತನ್ನು ಹೊರಗಿನ ಲೋಕವು ಎದ್ದು ಕೂತು ಕೇಳಿತು. ಲಂಡನ್ನಿನವರು ಕಿವಿಗೊಟ್ಟ ಮೇಲೆ ನಾವು ಕಿವಿಗೊಡುವೆವೆಂಬುದು ಮಾತ್ರ ಹಳೆಯ ಚಾಳಿ.

ಮೂರನೆಯ ಆಕ್ಷೇಪವನ್ನು ಗಟ್ಟಿಯಾಗಿ ಯಾರೂ ಹೇಳುವುದಿಲ್ಲ, ಪಿಸುಮಾತಿನಲ್ಲಿ ಹೇಳುವರು: ಹಿಂದುಳಿದ ಸೀಮೆ, ಹಿಂದುಳಿದ ಮನೆತನ, ಅದರ ಮೇಲೆ ಹೆಣ್ಣು, ಆದುದರಿಂದ ಪ್ರಶಸ್ತಿ. ಇದಕ್ಕೆ ಉತ್ತರವಾಗಿ ಪಟ್ಟಿಯನ್ನೇ ತೆರೆದು ನೋಡಬಹುದು. ಕೇಂದ್ರ ಅಕಾಡೆಮಿಯ ಪ್ರಶಸ್ತಿಯು ಕನ್ನಡಕ್ಕೆ ಮೊದಲು ಬಂದದ್ದು 1955ರಲ್ಲಿ. ಅಲ್ಲಿಂದ 2003ರ ವರೆಗೆ ಒಂದು ಸಾರಿಯಾದರೂ ಅದು ಸ್ತ್ರೀಯ ಕೈಗೆ ಬರಲಿಲ್ಲ. ತ್ರಿವೇಣಿಯವರು ಬರೆದು ತೀರಿಹೋದರು, ಅನುಪಮಾ ನಿರಂಜನರು ಬರೆದು ತೀರಿಹೋದರು, ಎಂ.ಕೆ. ಇಂದಿರಾ ಅವರೂ ಬರೆದು ತೀರಿಹೋದರು. ಗೀತಾ ನಾಗಭೂಷಣರೇ ಮೊದಲಿಗರು. ಹೆಣ್ಣೆಂಬ ಕಾರಣಕ್ಕೆ ಪ್ರಶಸ್ತಿ ಕೊಡುವ ರೂಢಿ ಅಷ್ಟು ಬಲವಾಗಿದ್ದರೆ ಅದು ಐವತ್ತು ವರ್ಷ ಎಲ್ಲಿ ಮಲಗಿತ್ತು? ಸಮ್ಮೇಳನಗಳ ಚರಿತ್ರೆಯೂ ಹಾಗೆಯೇ. 1915ರಿಂದ ನಡೆದುಬಂದ ಸಮ್ಮೇಳನಗಳಿಗೆ ಗದಗಿನ ವರೆಗೆ ಸ್ತ್ರೀ ಅಧ್ಯಕ್ಷರು ನಾಲ್ವರೇ: 1974ರಲ್ಲಿ ಮಂಡ್ಯದಲ್ಲಿ ಜಯದೇವಿತಾಯಿ ಲಿಗಾಡೆ, 2000ದಲ್ಲಿ ಬಾಗಲಕೋಟೆಯಲ್ಲಿ ಶಾಂತಾದೇವಿ ಮಾಳವಾಡ, 2003ರಲ್ಲಿ ಮೂಡಬಿದಿರೆಯಲ್ಲಿ ಕಮಲಾ ಹಂಪನಾ, ಆಮೇಲೆ ಈಕೆ. ಎಪ್ಪತ್ತಾರರಲ್ಲಿ ನಾಲ್ಕು. ಇದನ್ನು ಪಕ್ಷಪಾತವೆನ್ನಬೇಕಾದರೆ ಯಾರ ಕಡೆಗಿನ ಪಕ್ಷಪಾತವೆಂದು ಮೊದಲು ಗೊತ್ತುಮಾಡಬೇಕು.

ಆದರೆ ಅವರ ಅಭಿಮಾನಿಗಳೂ ಒಂದು ಅಪರಾಧ ಮಾಡಿದ್ದಾರೆ. ‘ಮೊದಲ ಮಹಿಳೆ’ ಎಂಬ ಬಿರುದನ್ನು ಎಷ್ಟು ಸಲ ಹೇಳಿದರೆಂದರೆ, ಅದರ ಗದ್ದಲದಲ್ಲಿ ಆಕೆ ಬರೆದದ್ದೇನೆಂಬುದು ಮರೆತುಹೋಯಿತು. ಬರೆದದ್ದೆಲ್ಲ ಚಿನ್ನವೆಂದು ಹೇಳುವುದೂ ವಿಮರ್ಶೆಯಲ್ಲ. ಮೊದಮೊದಲಿನ ಕಾದಂಬರಿಗಳಲ್ಲಿ ಕೆಲವು ಅವಸರದವು. ಅಲ್ಲಿ ಕಣ್ಣೀರು ಬೇಕಾದ್ದಕ್ಕಿಂತ ಹೆಚ್ಚಾಗಿದೆ, ದುಷ್ಟರು ತೀರ ದುಷ್ಟರಾಗಿದ್ದಾರೆ, ಘಟನೆಗಳು ಲೇಖಿಕೆಯ ಅಪ್ಪಣೆಗೆ ಕಾದು ನಿಂತಂತೆ ಬಂದು ಬೀಳುತ್ತವೆ. ಹಗಲೆಲ್ಲ ದುಡಿದು ರಾತ್ರಿ ಬರೆದವರ ಬರಹಕ್ಕೆ ಈ ಅವಸರವು ಸಹಜವೆಂದು ಹೇಳಬಹುದು. ಹೇಳಿದರೂ ದೋಷವು ದೋಷವೇ. ಇವುಗಳನ್ನು ಕುರಿತು ಆಕ್ಷೇಪಕರು ವಾದಿಸಿದ್ದರೆ ಅದು ಸಾಹಿತ್ಯಚರ್ಚೆಯಾಗುತ್ತಿತ್ತು. ಅವರು ಇದೊಂದನ್ನೂ ಮುಟ್ಟಲಿಲ್ಲ. ಏಕೆಂದರೆ ಇದನ್ನು ಮುಟ್ಟಬೇಕಾದರೆ ಓದಬೇಕು. ಭಾಷೆ ಗ್ರಾಮ್ಯವೆನ್ನುವುದಕ್ಕೆ ಮೊದಲ ಎರಡು ಪುಟ ಸಾಕು.

‘ಬದುಕು’ ಕಾದಂಬರಿಗೆ ಬಂದಾಗ ಆ ಅವಸರವು ಅಡಗಿದೆ. ಅಲ್ಲಿ ಒಂದು ಸಮುದಾಯವೇ ಉಸಿರಾಡುತ್ತದೆ; ಅದರ ಹಸಿವು, ಜಗಳ, ದೇವರು, ಜಾತ್ರೆ, ಹೆಣ್ಣುಗಳ ದುಃಖ, ಹೆಣ್ಣುಗಳ ಹಟ. ಆ ಮಾತನ್ನು ತೆಗೆದು ಶಿಷ್ಟ ಕನ್ನಡವನ್ನು ಹಾಕಿ ನೋಡುವ ಪ್ರಯೋಗವನ್ನು ಯಾರಾದರೂ ಒಂದು ಪುಟದ ಮಟ್ಟಿಗೆ ಮಾಡಬಹುದು. ಜನರು ಉಳಿಯುವುದಿಲ್ಲ, ಜನಗಣತಿಯ ವರದಿ ಉಳಿಯುವುದು.

ಇಷ್ಟೆಲ್ಲ ವಾದವು ತೀರಿಹೋದ ಒಬ್ಬ ಲೇಖಿಕೆಯ ಮಾನರಕ್ಷಣೆಗಾಗಿ ಅಗತ್ಯವಿಲ್ಲ. ಆಕೆಗೆ ದೊರೆಯಬೇಕಾದದ್ದು ದೊರೆತಿದೆ. ಅಗತ್ಯವಿರುವುದು ಬೇರೆಯವರಿಗೆ. ಕಮಲಾಪುರದ ಕಡೆಯ ಹಳ್ಳಿಯ ಹುಡುಗಿಯೊಬ್ಬಳು ತರಗತಿಯಲ್ಲಿ ಎದ್ದುನಿಂತು “ನಮ್ಮವ್ವ ಸಂತಿಗಿ ಹೋಗ್ಯಾಳ್ರೀ ಸರ” ಎಂದಳೆಂದು ಇಟ್ಟುಕೊಳ್ಳೋಣ. ಕರ್ತೃವಿದೆ, ಕ್ರಿಯೆಯಿದೆ, ಚತುರ್ಥಿಯಿದೆ, ಗುರುವಿಗೆ ಸಲ್ಲತಕ್ಕ ಗೌರವವೂ ಇದೆ. ತರಗತಿ ನಗುತ್ತದೆ. ಗುರುಗಳು ನಗುವನ್ನು ನಿಲ್ಲಿಸುವ ಬದಲು ವಾಕ್ಯವನ್ನು ತಿದ್ದುತ್ತಾರೆ. ಆ ದಿನ ಅವಳು ಕಲಿತದ್ದು ಶುದ್ಧ ಕನ್ನಡವಲ್ಲ, ಬಾಯಿ ಮುಚ್ಚಿಕೊಂಡಿರುವುದನ್ನು. ಅದೇ ಹುಡುಗಿ ಮುಂದೆ ಕಲಬುರಗಿಯ ಕಾಲೇಜಿಗೆ ಬಂದಾಗ ಹಿಂದಿನ ಬೆಂಚಿನಲ್ಲಿ ಕೂಡುವಳು. ಉತ್ತರ ಬಂದರೂ ಏಳಲಾರಳು.

2025ರ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಕಲಬುರಗಿ ಜಿಲ್ಲೆಯು ರಾಜ್ಯದಲ್ಲಿ ಎಲ್ಲಕ್ಕೂ ಕೊನೆಯ ಸ್ಥಾನದಲ್ಲಿ ನಿಂತಿತು; ಮೊದಲ ಪರೀಕ್ಷೆಯಲ್ಲಿ ಉತ್ತೀರ್ಣರಾದವರು ನೂರಕ್ಕೆ ಐವತ್ತನ್ನೂ ಮುಟ್ಟಲಿಲ್ಲ. ಶಿಕ್ಷಕರ ಕೊರತೆ, ಬಡತನ, ಗುಳೆ ಹೋಗುವ ತಂದೆತಾಯಿಗಳು, ಹೀಗೆ ಇದಕ್ಕೆ ಕಾರಣಗಳು ಹಲವು. ಭಾಷೆಯ ಅವಮಾನವೊಂದೇ ಕಾರಣವೆಂದರೆ ಅತ್ಯುಕ್ತಿಯಾದೀತು. ಸಂವಿಧಾನಕ್ಕೆ 371ಜೆ ವಿಧಿಯನ್ನು ಸೇರಿಸಿ ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಟ್ಟರು. 2019ರಲ್ಲಿ ಕಲ್ಯಾಣ ಕರ್ನಾಟಕವೆಂದು ಹೆಸರನ್ನೂ ಬದಲಿಸಿದರು. ಹಣ ಸರಕಾರದಿಂದ ಬರಬೇಕು, ಶಿಕ್ಷಕರೂ ಸರಕಾರದಿಂದ ಬರಬೇಕು. ಮಗುವಿನ ಮಾತಿಗೆ ನಗದಿರುವುದಕ್ಕೆ ಯಾವ ಸರಕಾರದ ಮಂಜೂರಾತಿ ಬೇಕು? ಪರೀಕ್ಷೆಗೆ ಗ್ರಂಥಭಾಷೆ ಬೇಕು, ಅದನ್ನು ಕಲಿಸಲೇಬೇಕು; ಇದರಲ್ಲಿ ಎರಡು ಮಾತಿಲ್ಲ. ಆದರೆ ಸಂಸ್ಕೃತ ಪಾಠಶಾಲೆಗಳಲ್ಲಿ ಸಂಸ್ಕೃತವನ್ನು ಕಲಿಸಿದವರು ಮಕ್ಕಳ ಮನೆಮಾತು ಪಾಪವೆಂದು ಹೇಳಿ ಕಲಿಸಲಿಲ್ಲ, ಕನ್ನಡದಲ್ಲಿಯೇ ಅರ್ಥ ಹೇಳಿ ಕಲಿಸಿದರು. ಆ ಹುಡುಗಿಗೂ ಅವಳ ಮನೆಯ ಮಾತಿನಿಂದಲೇ ಗ್ರಂಥಭಾಷೆಗೆ ಮೆಟ್ಟಲು ಕಟ್ಟಿಕೊಡಬಹುದು. ತನ್ನ ಅವ್ವನ ಮಾತು ಅಚ್ಚಾಗಿರುವ, ದಿಲ್ಲಿಯವರು ಮನ್ನಿಸಿದ ಒಂದು ಪುಸ್ತಕವಿದೆಯೆಂದೂ, ಅದನ್ನು ಬರೆದವರು ಇದೇ ಕಲಬುರಗಿಯಲ್ಲಿ ಗಿರಣಿ ಕಾರ್ಮಿಕನ ಮಗಳಾಗಿ ಬೆಳೆದು ಇದೇ ಊರಿನಲ್ಲಿ ಪಾಠ ಹೇಳಿದವರೆಂದೂ ಆ ಹುಡುಗಿಗೆ ಯಾರಾದರೂ ಹೇಳಿದ್ದಾರೆಯೇ?

ಕಲಬುರಗಿಗೆ ಸಮ್ಮೇಳನದ ತೇರು ನಾಲ್ಕು ಬಾರಿ ಬಂದಿದೆ. 1928ರಲ್ಲಿ ಬಿ.ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿ, 1949ರಲ್ಲಿ ಉತ್ತಂಗಿ ಚನ್ನಪ್ಪನವರ ಅಧ್ಯಕ್ಷತೆಯಲ್ಲಿ, 1987ರಲ್ಲಿ ಸಿದ್ಧಯ್ಯ ಪುರಾಣಿಕರ ಅಧ್ಯಕ್ಷತೆಯಲ್ಲಿ, 2020ರ ಫೆಬ್ರವರಿಯಲ್ಲಿ ಎಚ್.ಎಸ್. ವೆಂಕಟೇಶಮೂರ್ತಿಯವರ ಅಧ್ಯಕ್ಷತೆಯಲ್ಲಿ. ಪ್ರತಿಯೊಂದು ಸಲವೂ ಹೋಳಿಗೆಯೂಟವಾಯಿತು, ಮೆರವಣಿಗೆಯಾಯಿತು, ನಿರ್ಣಯಗಳಾದವು. ಕಡೆಯ ಸಮ್ಮೇಳನವಾಗಿ ಐದು ತಿಂಗಳು ತುಂಬುವ ಮುಂಚೆಯೇ ಗೀತಾ ನಾಗಭೂಷಣರು ತೀರಿಕೊಂಡರು; ಮಹಾಮಾರಿಯ ಕಾಲವಾದುದರಿಂದ ಜನ ಕೂಡುವಂತಿರಲಿಲ್ಲ. ಸಭೆ ಕೂಡಲಾಗದ ಆ ಕಾಲದಲ್ಲಿ ಮನೆಯಲ್ಲಿ ಕೂತು ಅವರ ಒಂದು ಪುಸ್ತಕವನ್ನಾದರೂ ಓದಲಿಕ್ಕೆ ಯಾವ ನಿರ್ಬಂಧವೂ ಇರಲಿಲ್ಲ. ಎಷ್ಟು ಮನೆಗಳಲ್ಲಿ ಓದಿದರೆಂಬುದನ್ನು ಪ್ರತಿಯೊಬ್ಬ ಗೃಹಸ್ಥನೂ ತನ್ನ ಕಪಾಟನ್ನು ತೆರೆದು ತಾನೇ ನೋಡಿಕೊಳ್ಳಬಹುದು.

ಕಪಾಟಿನಲ್ಲಿ ಇಲ್ಲದಿದ್ದರೆ ತರಿಸಬೇಕು. ಕಮಲಾಪುರದ ವಾಚನಾಲಯಕ್ಕೂ ಶಾಲೆಗಳಿಗೂ ಒಂದೊಂದು ಪ್ರತಿಯನ್ನು ಕಳಿಸುವ ವೆಚ್ಚವು ಒಂದು ಮೆರವಣಿಗೆಯ ಹೂವಿನ ಹಾರಗಳ ವೆಚ್ಚವನ್ನು ಮೀರಲಾರದು. ಶಾಲೆಯಲ್ಲಿ ಓದಿಸುವಾಗ ಮೊದಲ ಪುಟವನ್ನು ಆ ಹಿಂದಿನ ಬೆಂಚಿನ ಹುಡುಗಿಯ ಕೈಗೆ ಕೊಡಬೇಕು. ಆ ಮಾತಿನ ಏರಿಳಿತವು ಗುರುಗಳಿಗಿಂತ ಅವಳಿಗೇ ಚೆನ್ನಾಗಿ ಗೊತ್ತು. ಅವಳು ಓದುವಾಗ ಗುರುಗಳು ಉಚ್ಚಾರವನ್ನು ತಿದ್ದಕೂಡದು.